ಪಾದ್ರಿಗಳು ತಂದ ಹಾಡು ಊರಿನವರದ್ದಾದ ಬಗೆ

2022ರ ಜನವರಿಯಲ್ಲಿ ಒಂದು ಹಳೆಯ ಹಾಡು ಸುದ್ದಿಯಾಯಿತು. ಗಣರಾಜ್ಯೋತ್ಸವ ಮುಗಿದ ಮೇಲೆ ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ಬೀಟಿಂಗ್ ರಿಟ್ರೀಟ್ ನಡೆಯುತ್ತದೆ. ಸೇನಾ ಬ್ಯಾಂಡುಗಳು ಅಲ್ಲಿ ವರ್ಷ ವರ್ಷವೂ ನುಡಿಸುತ್ತಿದ್ದ 'ಅಬೈಡ್ ವಿತ್ ಮಿ' ಆ ಸಲ ಪಟ್ಟಿಯಲ್ಲಿ ಇರಲಿಲ್ಲ. ಅದರ ಜಾಗಕ್ಕೆ 'ಏ ಮೇರೆ ವತನ್ ಕೆ ಲೋಗೋ' ಬಂತು. ಕೈಬಿಟ್ಟದ್ದು ಗಾಂಧೀಜಿಗೆ ಇಷ್ಟವಾಗಿದ್ದ ಹಾಡು ಎಂದು ಕೆಲವರು ಬೇಸರಪಟ್ಟರು. ವಸಾಹತು ಕಾಲದ ಗುರುತು ಹೋಗಲಿ ಬಿಡಿ ಎಂದು ಇನ್ನು ಕೆಲವರು ಹೇಳಿದರು.

ಆ ಚರ್ಚೆಯಲ್ಲಿ ಯಾರದು ಸರಿ ಎನ್ನುವುದು ಈ ಲೇಖನದ ವಿಷಯವಲ್ಲ. ಆದರೆ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಹೆನ್ರಿ ಫ್ರಾನ್ಸಿಸ್ ಲೈಟ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರಿಕ್ಸಮ್ ಎಂಬ ಮೀನುಗಾರರ ಊರಿನ ಪಾದ್ರಿ. ಕ್ಷಯರೋಗದಿಂದ ಬಳಲುತ್ತಿದ್ದ ಅವರು 1847ರಲ್ಲಿ ತೀರಿಕೊಂಡರು. ಕತ್ತಲಾಗುತ್ತಿದೆ, ನನ್ನ ಜೊತೆಗಿರು ಎಂದು ದೇವರನ್ನು ಬೇಡುವ ಅವರ ಪದ್ಯ ನಮ್ಮ ಸೇನೆಯ ಬ್ಯಾಂಡಿನ ತನಕ ಹೇಗೆ ಬಂತು? ಅದು ಒಂದೇ ಬರಲಿಲ್ಲ. ಅದರ ಜೊತೆ ಅಂಥ ನೂರಾರು ಹಾಡುಗಳು ಹಡಗು ಹತ್ತಿ ಏಷ್ಯಾ, ಆಫ್ರಿಕಾಗಳಿಗೆ ಬಂದವು. ಬಂದ ಕಡೆಯಲ್ಲೆಲ್ಲ ಅಲ್ಲಿನ ಸಂಗೀತ, ಭಾಷೆ, ಕವಿತೆ, ಸಾವಿನ ಆಚರಣೆಯನ್ನೂ ಮುಟ್ಟಿದವು. ತಾವೂ ಬದಲಾದವು.

ಮೊದಲು ಪದಗಳ ಅರ್ಥ

'ಸುವಾರ್ತೆ' ಎಂದರೆ ಒಳ್ಳೆಯ ಸುದ್ದಿ. ಯೇಸುವಿನ ಮೂಲಕ ಮನುಷ್ಯನಿಗೆ ಬಿಡುಗಡೆ ಇದೆ ಎನ್ನುವುದೇ ಕ್ರೈಸ್ತರಿಗೆ ಆ ಸುದ್ದಿ. ಇದಕ್ಕಿರುವ ಗ್ರೀಕ್ ಪದದಿಂದಲೇ 'ಇವ್ಯಾಂಜೆಲಿಕಲ್' ಎಂಬ ಹೆಸರು ಬಂದಿದೆ. 18ನೇ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಈ ಪಂಥ ಜೋರಾಗಿ ಹಬ್ಬಿತು. ಕ್ರೈಸ್ತ ಮನೆಯಲ್ಲಿ ಹುಟ್ಟಿದರೆ ಸಾಲದು, ಪ್ರತಿಯೊಬ್ಬರ ಮನಸ್ಸೂ ಒಮ್ಮೆ ತಿರುಗಬೇಕು, ಆ ಅನುಭವವನ್ನು ಬೇರೆಯವರಿಗೂ ಸಾರಬೇಕು ಎನ್ನುವುದು ಅವರ ನಂಬಿಕೆ. ನಮ್ಮ ಭಕ್ತಿಪಂಥಗಳನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಶಾಸ್ತ್ರಕ್ಕಿಂತ ಅನುಭವ ದೊಡ್ಡದು, ಅದನ್ನು ಹೇಳಲು ಜನರ ಮಾತು ಬೇಕು. ಹೀಗೆ ನಂಬಿದವರು ಹಾಡದೇ ಇರುತ್ತಾರೆಯೇ? ಮೆಥಡಿಸ್ಟ್ ಪಂಥದ ಚಾರ್ಲ್ಸ್ ವೆಸ್ಲಿ ಒಬ್ಬರೇ 6,000ಕ್ಕೂ ಜಾಸ್ತಿ ಸ್ತುತಿಗೀತೆಗಳನ್ನು ಬರೆದರು.

ಸ್ತುತಿಗೀತೆಗೂ ಸುವಾರ್ತೆಯ ಹಾಡಿಗೂ ಸಣ್ಣ ವ್ಯತ್ಯಾಸವಿದೆ. ಸ್ತುತಿಗೀತೆ ಹೆಚ್ಚಾಗಿ ದೇವರ ಕಡೆ ಮುಖ ಮಾಡಿ ಹಾಡುವ ಹಾಡು. ನಾಲ್ಕಾರು ಸಾಲಿನ ನುಡಿಗಳು ಒಂದೇ ಧಾಟಿಯಲ್ಲಿ ಸಾಗುತ್ತವೆ. 'ಅಬೈಡ್ ವಿತ್ ಮಿ' ಈ ಜಾತಿಗೆ ಸೇರಿದ್ದು. ಸುವಾರ್ತೆಯ ಹಾಡು ಎದುರಿಗೆ ಕೂತ ಮನುಷ್ಯನನ್ನು ಕರೆಯುತ್ತದೆ: ಬಾ, ಮನಸ್ಸು ಕೊಡು ಎನ್ನುತ್ತದೆ. ಪ್ರತಿ ನುಡಿಯಾದ ಮೇಲೂ ಒಂದು ಪಲ್ಲವಿ ತಿರುಗಿ ಬರುತ್ತದೆ. ಒಬ್ಬರು ನುಡಿ ಹೇಳಿದರೆ ಪಲ್ಲವಿಗೆ ಎಲ್ಲರೂ ದನಿಗೂಡಿಸುತ್ತಾರೆ. ಭಜನೆಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಎರಡನೇ ಸುತ್ತಿಗೆ ಹೊಸಬರಿಗೂ ಪಲ್ಲವಿ ಬಾಯಿಗೆ ಬಂದಿರುತ್ತದೆ.

ಈ ಬಗೆಯನ್ನು ಜಗತ್ತಿನಾದ್ಯಂತ ಹರಡಿದವರಲ್ಲಿ ಇಬ್ಬರು ಅಮೆರಿಕನ್ನರು ಮುಖ್ಯ. ಡ್ವೈಟ್ ಮೂಡಿ ಭಾಷಣ ಮಾಡುತ್ತಿದ್ದರು. ಐರಾ ಸ್ಯಾಂಕಿ ಒಂದು ಸಣ್ಣ ಆರ್ಗನ್ ಮುಂದೆ ಕೂತು ಹಾಡುತ್ತಿದ್ದರು. 1873ರಿಂದ 1875ರ ತನಕ ಇವರು ಬ್ರಿಟನ್ ಸುತ್ತಿದಾಗ ಸಭೆಗಳಿಗೆ ಜನ ಕಿಕ್ಕಿರಿದು ಬಂದರು. ಆಗ ಸಣ್ಣ ಪುಸ್ತಿಕೆಯಾಗಿ ಶುರುವಾದ ಸ್ಯಾಂಕಿಯವರ ಹಾಡಿನ ಸಂಗ್ರಹ ಮುಂದೆ 1,200 ಹಾಡುಗಳಿಗೆ ಬೆಳೆಯಿತು. ಆ ಕಾಲದ ಮಿಷನರಿಯ ಪೆಟ್ಟಿಗೆಯಲ್ಲಿ ಬೈಬಲಿನ ಪಕ್ಕ ಇಂಥದೊಂದು ಪುಸ್ತಕ ಇರುವುದು ಸಾಮಾನ್ಯವಾಗಿತ್ತು.

ಭಾಷಣಕ್ಕಿಂತ ಹಾಡು ಯಾಕೆ?

ಓದು ಬರಹ ಗೊತ್ತಿದ್ದವರು ಆಗ ತೀರಾ ಕಡಿಮೆ. ಉಪದೇಶ ಕೇಳಿ ಮನೆಗೆ ಹೋದವನಿಗೆ ಮರುದಿನ ಅದರಲ್ಲಿ ಎಷ್ಟು ನೆನಪಿರುತ್ತದೆ? ಹಾಡು ಮಾತ್ರ ಬಾವಿಕಟ್ಟೆಗೂ ಬರುತ್ತದೆ, ಹೊಲಕ್ಕೂ ಬರುತ್ತದೆ. ಮಿಷನ್ ಶಾಲೆಗಳಲ್ಲಿ ಹಾಡೂ ಒಂದು ಪಾಠವಾಗಿತ್ತು. ಮಕ್ಕಳು ಕಲಿತದ್ದು ಮನೆಯವರ ಕಿವಿಗೂ ಬೀಳುತ್ತಿತ್ತು.

ಇದಕ್ಕೆ ದಾರಿ ತೆರೆದದ್ದು ಕಾನೂನು. ಈಸ್ಟ್ ಇಂಡಿಯಾ ಕಂಪನಿಗೆ ಮೊದಮೊದಲು ಮಿಷನರಿಗಳು ಬರುವುದು ಇಷ್ಟವಿರಲಿಲ್ಲ. ವ್ಯಾಪಾರ ಕೆಟ್ಟೀತು ಎಂಬ ಭಯ. 1813ರ ಚಾರ್ಟರ್ ಕಾಯಿದೆ ಅವರಿಗೆ ಬಾಗಿಲು ತೆರೆಯಿತು. 1833ರ ಕಾಯಿದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಅವಕಾಶ ಸಿಕ್ಕಿತು. ಮರುವರ್ಷವೇ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಜರ್ಮನ್ ಮಾತಿನ ಪಾದ್ರಿಗಳು ಮಂಗಳೂರಿಗೆ ಬಂದರು.

ಇನ್ನೊಂದು ಕಾರಣ ಸಂಗೀತವನ್ನು ಬರೆಯುವ ವಿಧಾನ. ಐದು ಗೆರೆಗಳ ಮೇಲೆ ಚುಕ್ಕೆ ಇಟ್ಟು ಬರೆಯುವ ಪಾಶ್ಚಾತ್ಯ ಸ್ವರಲಿಪಿ ಕಲಿಯಲೂ ಕಷ್ಟ, ಅಚ್ಚು ಹಾಕಲೂ ಕಷ್ಟ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಸ್ವರಗಳನ್ನು ಸುಮ್ನೆ ಅಕ್ಷರಗಳಲ್ಲಿ ಬರೆಯುವ ಉಪಾಯ ಕಂಡುಹಿಡಿದರು. ಜಾನ್ ಕರ್ವೆನ್ ಎಂಬ ಪಾದ್ರಿ 1840ರ ದಶಕದಿಂದ ಅದನ್ನು ತಿದ್ದಿ ಬೆಳೆಸಿದರು. ಇದೇ 'ಟಾನಿಕ್ ಸಾಲ್ಫಾ'. ದೊ, ರೆ, ಮಿ, ಫಾ, ಸೊ, ಲಾ, ಟಿ. ಇಲ್ಲಿ 'ದೊ' ಒಂದೇ ಎತ್ತರದಲ್ಲಿ ಕಟ್ಟಿಹಾಕಿದ ಸ್ವರವಲ್ಲ. ಹಾಡುವವರ ಕಂಠಕ್ಕೆ ಹೊಂದುವ ಕಡೆ ಅದನ್ನು ಇಟ್ಟುಕೊಳ್ಳಬಹುದು. ನಮ್ಮ ಷಡ್ಜವೂ ಹಾಗೇ ತಾನೆ? ಶ್ರುತಿ ಹಿಡಿದು 'ಸ' ಎಲ್ಲಿಟ್ಟರೆ ಉಳಿದ ಸ್ವರಗಳು ಅಲ್ಲಿಂದ ಏಳುತ್ತವೆ. ಮಾಮೂಲಿ ಅಕ್ಷರದ ಮೊಳೆಗಳಿದ್ದರೆ ಯಾವ ಅಚ್ಚುಕೂಟದಲ್ಲೂ ಸಾಲ್ಫಾ ಮುದ್ರಿಸಬಹುದಿತ್ತು. ದಕ್ಷಿಣ ಆಫ್ರಿಕಾ, ಮಡಗಾಸ್ಕರ್, ಪೆಸಿಫಿಕ್ ದ್ವೀಪಗಳು, ಈಶಾನ್ಯ ಭಾರತದ ಖಾಸಿ ಮತ್ತು ಮಿಜೋ ಬೆಟ್ಟಗಳಲ್ಲಿ, ಒಂದೇ ಹಾಡನ್ನು ಬೇರೆ ಬೇರೆ ಎತ್ತರದ ನಾಲ್ಕು ದನಿಗಳಲ್ಲಿ ಒಟ್ಟಿಗೆ ಹಾಡುವ ಮೇಳಗಳು ಅಷ್ಟು ಬೇಗ ಹುಟ್ಟಿದ್ದರಲ್ಲಿ ಈ ಸರಳ ಬರಹದ ಪಾಲು ದೊಡ್ಡದು.

ಹರ್ಮೋನಿಯಂನ ಪ್ರಯಾಣ

ಚರ್ಚಿನ ದೊಡ್ಡ ಪೈಪ್ ಆರ್ಗನ್ನನ್ನು ಹಡಗಿನಲ್ಲಿ ತಂದು ಹಳ್ಳಿಗೆ ಸಾಗಿಸಲು ಆಗುವುದಿಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೇನ್ 1840ರ ದಶಕದಲ್ಲಿ ಹರ್ಮೋನಿಯಂಗೆ ಪೇಟೆಂಟ್ ಪಡೆದರು. ಗಾತ್ರ ಸಣ್ಣದು, ಬಿಸಿಲು ಮಳೆಗೆ ಪಿಯಾನೋದಷ್ಟು ಬೇಗ ಕೆಡುವುದಿಲ್ಲ. ಮಿಷನರಿಗಳಿಗೆ ಬೇಕಾಗಿದ್ದದ್ದು ಇದೇ. ಆದರೆ ಅದನ್ನು ಕುರ್ಚಿಯಲ್ಲಿ ಕೂತು ಕಾಲಿನಿಂದ ಒತ್ತಬೇಕಿತ್ತು. ನಮ್ಮವರು ಹಾಡುವುದು ನೆಲದ ಮೇಲೆ ಕೂತು. 1875ರ ಸುಮಾರಿಗೆ ಕಲ್ಕತ್ತದ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು, ತಿದಿಯನ್ನು ಹಿಂದಕ್ಕಿಟ್ಟು, ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವ ಪೆಟ್ಟಿಗೆ ಮಾಡಿದರು.

ಆಮೇಲೆ ಅದು ಚರ್ಚಿನೊಳಗೆ ಉಳಿಯಲಿಲ್ಲ. ಕಂಪನಿ ನಾಟಕ, ಭಜನಾ ಮಂಡಳಿ, ಹರಿಕಥೆ, ಕವ್ವಾಲಿ, ಗುರುದ್ವಾರದ ಕೀರ್ತನೆ ಎಲ್ಲ ಕಡೆಗೂ ಹೋಯಿತು. ವಿರೋಧವೂ ಬಂತು. ಸ್ವರದ ಕೀಲಿಗಳು ಗಟ್ಟಿಯಾಗಿ ಕೂತ ವಾದ್ಯದಲ್ಲಿ ಗಮಕ ಬರುವುದಿಲ್ಲ, ಸ್ವರಗಳ ನಡುವೆ ಜಾರಲು ಆಗುವುದಿಲ್ಲ ಎನ್ನುವುದು ಸಂಗೀತಗಾರರ ತಕರಾರು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಪ್ರಸಾರದಿಂದಲೇ ಹೊರಗಿಟ್ಟಿತು. ಆ ನಿಷೇಧ ಸಡಿಲವಾದದ್ದು 1970ರ ದಶಕದಲ್ಲಿ. ಇಂದು ದೇವಸ್ಥಾನದ ಭಜನೆಯಲ್ಲಿ ಹರ್ಮೋನಿಯಂ ಕೇಳುವಾಗ ಯಾರಿಗೂ ಅದು ಹೊರಗಿನದು ಅನ್ನಿಸುವುದಿಲ್ಲ.

ಕನ್ನಡಕ್ಕೆ ಬಂದಾಗ ಎದುರಾದ ತೊಡಕು

ಹಾಡನ್ನು ಅನುವಾದಿಸುವುದು ಕಥೆಯನ್ನು ಅನುವಾದಿಸಿದ ಹಾಗಲ್ಲ. ಧಾಟಿ ಮೊದಲೇ ಇದೆ, ಅದು ಬದಲಾಗುವುದಿಲ್ಲ. ಹೊಲಿದು ಮುಗಿದ ಅಂಗಿಗೆ ಮೈಯನ್ನು ಹೊಂದಿಸಬೇಕಾದ ಹಾಗೆ, ಮಾತನ್ನು ಅದರೊಳಗೆ ಕೂರಿಸಬೇಕು.

ಇಂಗ್ಲಿಷ್, ಜರ್ಮನ್ ಪದ್ಯಗಳು ಒತ್ತಿನ ಮೇಲೆ ನಡೆಯುತ್ತವೆ. ಕೆಲವು ಅಕ್ಷರಗಳನ್ನು ಒತ್ತಿ ಹೇಳುತ್ತಾರೆ, ಕೆಲವನ್ನು ಹಗುರವಾಗಿ ಬಿಡುತ್ತಾರೆ. ಕನ್ನಡ ನಡೆಯುವುದು ಮಾತ್ರೆಯ ಮೇಲೆ. ಇಲ್ಲಿ ಮುಖ್ಯವಾಗುವುದು ಲಘು ಗುರುಗಳ ಅಳತೆ. ಧಾಟಿ ಒಂದು ಕಡೆ ಉದ್ದಕ್ಕೆ ಎಳೆಯುತ್ತದೆ ಎಂದುಕೊಳ್ಳಿ. ಅಲ್ಲಿ ಹ್ರಸ್ವ ಅಕ್ಷರ ಬಿದ್ದರೆ ಪದದ ಅರ್ಥವೇ ಕೆಡುತ್ತದೆ. 'ಬಲ' ಎಂದು ಬರೆದದ್ದು ಬಾಯಿಗೆ ಬರುವಾಗ 'ಬಾಲ' ಆಗಬಹುದು. 'ಕರು' 'ಕಾರು' ಆಗಬಹುದು. ಇದರ ಮೇಲೆ ಕನ್ನಡದ ಪದಗಳು ಬಾಲ ಬೆಳೆಸಿಕೊಳ್ಳುತ್ತವೆ. ಮನೆ, ಮನೆಯಲ್ಲಿ, ಮನೆಯಲ್ಲಿದ್ದವರಿಗೆ. ಇಂಗ್ಲಿಷಿನಲ್ಲಿ ನಾಲ್ಕು ಚಿಕ್ಕ ಪದ ಹಿಡಿಸುವ ಸಾಲಿನಲ್ಲಿ ಕನ್ನಡದ ಒಂದೂವರೆ ಪದವಷ್ಟೇ ಕೂರುತ್ತದೆ.

ಪ್ರಾಸದ ವಿಷಯವೂ ಇದೆ. ಹಳೆಯ ಕನ್ನಡ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಬೇಕು. ಪಾಶ್ಚಾತ್ಯ ಗೀತೆಯಲ್ಲಿ ಸಾಲಿನ ಕೊನೆ ಹೊಂದಬೇಕು. ಜರ್ಮನ್ ಧಾಟಿಗೆ ಕನ್ನಡ ನುಡಿ ಹೊಂದಿಸಲು ಕೂತವರಿಗೆ ಎರಡನ್ನೂ ಒಟ್ಟಿಗೆ ನಡೆಸುವುದು ಕಷ್ಟ. ಮುಂದೆ 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸ ಬಿಟ್ಟು ಬರೆದದ್ದು ಕನ್ನಡ ಕಾವ್ಯದಲ್ಲಿ ದೊಡ್ಡ ಸುದ್ದಿಯಾಯಿತು. ಅದಕ್ಕೆ ಚರ್ಚಿನ ಹಾಡುಗಳೇ ಕಾರಣ ಎನ್ನಲಾಗದು. ಆದರೆ ಸಾಲಿನ ಕೊನೆಗೆ ಪ್ರಾಸವಿಟ್ಟ ಚಿಕ್ಕ ಚಿಕ್ಕ ನುಡಿಗಳ ಕನ್ನಡ ಹಾಡು ಕರಾವಳಿಯ ಕಿವಿಗಳಿಗೆ ಅಷ್ಟು ಹೊತ್ತಿಗಾಗಲೇ ಹೊಸದಾಗಿ ಉಳಿದಿರಲಿಲ್ಲ.

ಮಿಷನರಿಗಳು ಎದುರು ದಿಕ್ಕಿನಲ್ಲೂ ನಡೆದರು ಎನ್ನುವುದು ನನಗೆ ಈ ಕಥೆಯ ಅತಿ ಸುಂದರ ಭಾಗ. ಮಂಗಳೂರಿನಲ್ಲಿ ಅಚ್ಚುಕೂಟ ನಡೆಸಿ, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ತಂಬೂರಿ ಹಿಡಿದು ಬೀದಿಯಲ್ಲಿ ಹಾಡುತ್ತಿದ್ದ ಪದಗಳಿಗೆ ಪುಸ್ತಕದ ರೂಪ ಕೊಡಲು ಮೊದಲು ಮುಂದಾದವರಲ್ಲಿ ಈ ಜರ್ಮನ್ ಪಾದ್ರಿ ಒಬ್ಬರು. ನಿಘಂಟಿನ ಕಿಟ್ಟೆಲ್ ಎಂದು ನಾವೆಲ್ಲ ಬಲ್ಲ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ದೇಶೀ ಛಂದಸ್ಸಿನಲ್ಲೇ ಹೇಳುವ 'ಕಥಾಮಾಲೆ' ಬರೆದರು. ಅಂಗಿಯನ್ನೇ ಮೈಗೆ ತಕ್ಕಂತೆ ಹೊಲಿಯುವ ಪ್ರಯತ್ನ ಅದು.

ಬೇರೆ ಭಾಷೆಗಳಲ್ಲಿ ಈ ಕೆಲಸವನ್ನು ಅಲ್ಲಿನ ಕವಿಗಳೇ ಮಾಡಿದರು. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ ಕರ್ನಾಟಕ ಸಂಗೀತದಲ್ಲಿ ತಮಿಳು ಕ್ರೈಸ್ತ ಕೀರ್ತನೆಗಳನ್ನು ಕಟ್ಟಿದರು. ಮರಾಠಿಯ ನಾರಾಯಣ ವಾಮನ ತಿಲಕರು 1895ರಲ್ಲಿ ಕ್ರೈಸ್ತರಾದ ಮೇಲೂ ಅಭಂಗ ಬಿಡಲಿಲ್ಲ. ತುಕಾರಾಮರೆಂಬ ಸೇತುವೆ ದಾಟಿಯೇ ತಾನು ಕ್ರಿಸ್ತನ ಬಳಿ ಬಂದೆ ಎನ್ನುವುದು ಅವರ ಭಾವನೆಯಾಗಿತ್ತು.

ಚರ್ಚಿನ ಗೋಡೆ ದಾಟಿದ ಹಾಡು

ಕೆಲವು ಹಾಡುಗಳು ಧರ್ಮ ಬದಲಿಸದವರ ಮನೆಗೂ ಹೋದವು. ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು, ಚೇತರಿಸಿಕೊಂಡು ಊರಿಗೆ ಮರಳುತ್ತಿದ್ದರು. ಗಾಳಿ ಬೀಸದೆ ಹಡಗು ಸಮುದ್ರದ ನಡುವೆ ನಿಂತಿತು. ಆಗ ಬರೆದದ್ದು 'ಲೀಡ್, ಕೈಂಡ್ಲಿ ಲೈಟ್'. ನ್ಯೂಮನ್ ಇವ್ಯಾಂಜೆಲಿಕಲ್ ಪಂಥದಿಂದ ದೂರ ಸರಿದಿದ್ದವರು. ಆದರೆ ಅವರ ಗೀತೆ ಎಲ್ಲ ಪಂಥಗಳ ಹಾಡಿನ ಪುಸ್ತಕ ಸೇರಿತು. ಗಾಂಧೀಜಿಗೆ ಇದು ಪ್ರಿಯ. ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ರೂಪವನ್ನು ಆಶ್ರಮದಲ್ಲಿ ಹಾಡುತ್ತಿದ್ದರು.

ಕನ್ನಡದಲ್ಲಿ ಅದೇ ಬಿ.ಎಂ. ಶ್ರೀಕಂಠಯ್ಯನವರ 'ಕರುಣಾಳು ಬಾ ಬೆಳಕೆ'. 1926ರ 'ಇಂಗ್ಲಿಷ್ ಗೀತಗಳು' ಸಂಕಲನದ ಮೂಲಕ ಇದು ಜನಕ್ಕೆ ತಲುಪಿತು. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಇದನ್ನು ಹಾಡಿದ ಎಷ್ಟೋ ಮಂದಿಗೆ ಮೂಲ ಕ್ರೈಸ್ತ ಗೀತೆ ಎಂದು ಗೊತ್ತೇ ಇರುವುದಿಲ್ಲ. ಅದಕ್ಕೆ ಕಾರಣ ಸರಳ. ಮೂಲದಲ್ಲೂ ಯೇಸುವಿನ ಹೆಸರಿಲ್ಲ. ಕತ್ತಲು, ದಾರಿ, ಬೆಳಕು ಮಾತ್ರ ಇವೆ. 'ಅಬೈಡ್ ವಿತ್ ಮಿ'ಯ ವಿಷಯದಲ್ಲೂ ಹೀಗೇ. ಬ್ಯಾಂಡಿನಲ್ಲಿ ನುಡಿಸುವಾಗ ಪದಗಳೂ ಇರುವುದಿಲ್ಲ. 1861ರಲ್ಲಿ ವಿಲಿಯಂ ಹೆನ್ರಿ ಮಂಕ್ ಕೂಡಿಸಿದ ಧಾಟಿ ಮಾತ್ರ ಕೇಳುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಹಾಡು ಇನ್ನೂ ದೂರ ನಡೆಯಿತು. ಅಲ್ಲಿನ ಷೋಸಾ ಭಾಷೆಯಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥ ಬದಲಾಗುತ್ತದೆ. ಆದ್ದರಿಂದ ಯುರೋಪಿನ ಧಾಟಿ ಅಲ್ಲಿ ಕನ್ನಡಕ್ಕಿಂತ ಜಾಸ್ತಿ ತೊಂದರೆ ಕೊಟ್ಟಿತು. 1821ರಲ್ಲಿ ತೀರಿಕೊಂಡ ಎನ್‌ಟ್ಸಿಕಾನ ಎಂಬ ಷೋಸಾ ಭಕ್ತ ತನ್ನವರ ಧಾಟಿಯಲ್ಲೇ ಕಟ್ಟಿದ ಸ್ತುತಿ ಬಾಯಿಂದ ಬಾಯಿಗೆ ಉಳಿಯಿತು. ಮುಂದೆ ಜಾನ್ ನಾಕ್ಸ್ ಬೊಕ್ವೆ ಅದನ್ನು ಸಾಲ್ಫಾದಲ್ಲಿ ಬರೆದಿಟ್ಟರು. 1897ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರದ ಮೆಥಡಿಸ್ಟ್ ಮಿಷನ್ ಶಾಲೆಯ ಶಿಕ್ಷಕ ಇನಾಕ್ ಸೊಂಟೊಂಗ, ದೇವರೇ ಆಫ್ರಿಕಾವನ್ನು ಹರಸು ಎಂಬ ಅರ್ಥದ 'ಎನ್‌ಕೋಸಿ ಸಿಕೆಲೆಲ್ ಐಆಫ್ರಿಕಾ' ಕಟ್ಟಿದರು. ನಾಲ್ಕು ದನಿಯ, ಪಕ್ಕಾ ಚರ್ಚಿನ ಹಾಡು. ಆದರೆ ಹರಸಬೇಕಾದದ್ದು ಸಾಮ್ರಾಜ್ಯವನ್ನಲ್ಲ, ಆಫ್ರಿಕಾವನ್ನು. 1912ರಲ್ಲಿ ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆದ ಸಂಘಟನೆಯ ಮೊದಲ ಸಭೆಯಲ್ಲಿ ಇದನ್ನು ಹಾಡಿದರು. ಪ್ರಾರ್ಥನೆಯೂ ಹೌದು, ಪ್ರತಿಭಟನೆಯೂ ಹೌದು. 1997ರಿಂದ ಅದು ಆ ದೇಶದ ರಾಷ್ಟ್ರಗೀತೆಯ ಭಾಗ. ಟಾಂಜಾನಿಯಾದ ರಾಷ್ಟ್ರಗೀತೆಗೂ ಇದೇ ಧಾಟಿ.

ಮಿಜೋ ಬೆಟ್ಟದ ಡೋಲು

ಹಾಡು ಬಂದಾಗ ಏನು ಕಳೆಯುತ್ತದೆ, ಏನು ಹುಟ್ಟುತ್ತದೆ ಎರಡನ್ನೂ ಒಂದೇ ಕಡೆ ನೋಡಬೇಕಾದರೆ ಮಿಜೋರಾಂಗೆ ಹೋಗಬೇಕು.

1894ರ ಜನವರಿಯಲ್ಲಿ ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಇಂಗ್ಲಿಷ್ ಮಿಷನರಿಗಳು ಸಾಯ್‌ರಾಂಗ್ ಎಂಬಲ್ಲಿಗೆ ದೋಣಿಯಲ್ಲಿ ಬಂದರು. ಮಿಜೋ ಭಾಷೆಗೆ ಆಗ ಬರಹವಿರಲಿಲ್ಲ. ಇವರು ರೋಮನ್ ಅಕ್ಷರಗಳಲ್ಲಿ ಲಿಪಿ ಹೊಂದಿಸಿದರು. 1899ರಲ್ಲಿ 18 ಹಾಡುಗಳ ಮೊದಲ ಹಾಡಿನ ಪುಸ್ತಕ ಅಚ್ಚಾಯಿತು. ಅಂದರೆ ಮಿಜೋ ಭಾಷೆಯಲ್ಲಿ ಮೊತ್ತಮೊದಲು ಅಚ್ಚಾದ ಪುಸ್ತಕಗಳ ಸಾಲಿನಲ್ಲೇ ಹಾಡಿನ ಪುಸ್ತಕವಿದೆ. ಓದು ಮತ್ತು ಹಾಡು ಜೊತೆ ಜೊತೆಯಲ್ಲಿ ಬಂದವು.

ಆದರೆ ಬೆಲೆಯನ್ನೂ ಕೊಡಬೇಕಾಯಿತು. ಮಿಜೋಗಳ ಡೋಲಿಗೆ 'ಖುಆಂಗ್' ಎನ್ನುತ್ತಾರೆ. ಹಬ್ಬ, ಕುಣಿತ, 'ಝು' ಎಂಬ ಅಕ್ಕಿಯ ಮದ್ಯ, ಡೋಲು ಎಲ್ಲ ಒಟ್ಟಿಗೆ ಇದ್ದವು. ಝು ಬೇಡ ಎಂದ ಚರ್ಚು ಡೋಲನ್ನೂ ಬಾಗಿಲ ಹೊರಗಿಟ್ಟಿತು. ಹಳೆಯ ಹಾಡುಗಳನ್ನು ಹಾಡುವುದು ವಿಶ್ವಾಸಿಗಳಿಗೆ ಸಲ್ಲದು ಎಂದಾಯಿತು. ಇನ್ನೊಂದು ಸೂಕ್ಷ್ಮ ತೊಡಕೂ ಇತ್ತು. ಮಿಜೋ ಹಾಡಿಕೆಯಲ್ಲಿ ಹೆಚ್ಚಾಗಿ ಐದು ಸ್ವರಗಳೇ. ನಮ್ಮ ಮೋಹನ ರಾಗದ ಹಾಗೆ ಎಂದುಕೊಳ್ಳಿ. 'ಫಾ' ಮತ್ತು 'ಟಿ' ಅವರ ಗಂಟಲಿಗೆ ಹೊಸವು.

1904ರಲ್ಲಿ ವೇಲ್ಸ್‌ನಲ್ಲಿ ದೊಡ್ಡ ಧಾರ್ಮಿಕ ಜಾಗೃತಿ ಎದ್ದಿತು. 1905ರಲ್ಲಿ ಅದರ ಅಲೆ ವೆಲ್ಷ್ ಮಿಷನ್ ಇದ್ದ ಖಾಸಿ ಬೆಟ್ಟಕ್ಕೆ ಬಂತು, 1906ರಲ್ಲಿ ಅಲ್ಲಿಂದ ಮಿಜೋ ಬೆಟ್ಟಕ್ಕೆ. ಸ್ವಲ್ಪದರಲ್ಲೇ ಎದುರಲೆಯೂ ಎದ್ದಿತು. 1908ರ ಸುಮಾರಿಗೆ 'ಪುಮಾ ಝಾಯ್' ಎಂಬ ಹೊಸ ಹಾಡು ಕುಣಿತದ ಅಲೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಹಳೆಯ ದನಿ ಸುಮ್ಮನೆ ಕೂರಲು ಒಪ್ಪಲಿಲ್ಲ. ಆಮೇಲೆ 1911–12ರಲ್ಲಿ ಬಿದಿರು ಹೂಬಿಟ್ಟು, ಇಲಿಗಳು ಹೆಚ್ಚಿ, ಬೆಳೆ ನಾಶವಾಗಿ ಭೀಕರ ಕ್ಷಾಮ ಬಂತು. ಮಿಜೋಗಳು ಇದನ್ನು 'ಮೌತಮ್' ಎನ್ನುತ್ತಾರೆ.

1919ರ ಜಾಗೃತಿಯ ಹೊತ್ತಿಗೆ ಎರಡೂ ದನಿಗಳು ಕೂಡಿಕೊಂಡವು. ಡೋಲು ಆರಾಧನೆಯ ಒಳಗೆ ಬಂತು. ಜೊತೆಗೆ ಹುಟ್ಟಿದ್ದು 'ಲೆಂಗ್‌ಖೋಮ್ ಝಾಯ್', ಅಂದರೆ ಕೂಡಿ ಹಾಡುವುದು. ನಿಧಾನ ಗತಿ, ಡೋಲಿನ ಪೆಟ್ಟು, 'ಫಾ' 'ಟಿ'ಗಳನ್ನು ಬದಿಗಿಟ್ಟ ಐದು ಸ್ವರಗಳ ಎಳೆ. ಪಾತೆಯಾ, ಕಮ್ಲಾಲಾ, ಸಾಯ್ಹ್ನುನಾ ಮೊದಲಾದ ಮಿಜೋ ಕವಿಗಳು ಅನುವಾದಕ್ಕೆ ಕಾಯಲಿಲ್ಲ, ತಾವೇ ಬರೆದರು. ಹಳೆಯ ಹಾಡುಗಳ ಕಾವ್ಯಭಾಷೆಯನ್ನೇ ತಂದರು. ಅಗಲಿದವರ ನೆನಪು, ದೂರದ ಊರಿನ ಹಂಬಲ ಮಿಜೋ ಕವಿತೆಯಲ್ಲಿ ಮೊದಲಿನಿಂದಲೂ ಇದ್ದವು. ಈಗ ಆ ದೂರದ ಊರು ಸ್ವರ್ಗವಾಯಿತು.

ಇದರಲ್ಲೇ ಒಂದು ಬಗೆ 'ಖೋಹಾರ್ ಝಾಯ್', ಸಾವಿನ ಮನೆಯ ಹಾಡು. ಯಾರಾದರೂ ತೀರಿಕೊಂಡರೆ ನೆರೆಹೊರೆಯವರು ಆ ಮನೆಯಲ್ಲಿ ಸೇರುತ್ತಾರೆ. ಡೋಲು ಮೆಲ್ಲಗೆ ಶುರುವಾಗುತ್ತದೆ. ಒಬ್ಬರು ನುಡಿ ಎತ್ತಿಕೊಡುತ್ತಾರೆ, ಉಳಿದವರು ಸೇರುತ್ತಾರೆ. ರಾತ್ರಿ ಬೆಳೆದ ಹಾಗೆ ಹಾಡು ಮುಂದುವರಿಯುತ್ತದೆ. ಮನೆಯವರು ಆ ಹೊತ್ತಿನಲ್ಲಿ ಒಂಟಿಯಾಗಬಾರದು ಎನ್ನುವುದೇ ಅದರ ಉದ್ದೇಶ. ಬ್ರಿಕ್ಸಮ್ಮಿನ ಪಾದ್ರಿ ಕತ್ತಲಾಗುವಾಗ ಬೇಡಿದ್ದೂ ಅದನ್ನೇ. ಇಲ್ಲಿ ಜೊತೆಗೆ ಕೂರಲು ನೆರೆಮನೆಯವರು ಡೋಲು ಹಿಡಿದುಕೊಂಡು ಬರುತ್ತಾರೆ.